ಘಾಟಿಯಲ್ಲಿ ಕಟಕಟ ಎಂದ ಕಾರು

ಕೇಳುಗರೆ, ನಮಸ್ಕಾರ.

ಹೋದ ಬೇಸಿಗೆಯಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ನನ್ನ ಹಳೆಯ ಪೆಟ್ರೋಲ್ ಕಾರು ಕಟಕಟ ಎನ್ನತೊಡಗಿತು, ತಗಡಿನ ಡಬ್ಬದಲ್ಲಿ ಗೋಲಿ ಹಾಕಿ ಕುಲುಕಿದ ಹಾಗೆ. ಉಷ್ಣತೆಯ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದಾಗ ಒಬ್ಬ ಮೆಕ್ಯಾನಿಕ್, ‘ಬೇರಿಂಗ್ ಹೋಗಿದೆ ಸಾರ್, ಎಂಜಿನ್ ಬಿಚ್ಚಬೇಕು’ ಎಂದ. ನಾನು ಒಪ್ಪಲಿಲ್ಲ. ಬೇರಿಂಗ್ ಸವೆದರೆ ಬರುವುದು ಒಳಗಿನಿಂದ ಸುತ್ತಿಗೆ ಬಡಿದಂಥ ದಪ್ಪ ಸದ್ದು. ವಾಲ್ವ್ ತೆರೆಯುವ ಟ್ಯಾಪೆಟ್ ಸಡಿಲವಾದರೆ ಹೊಲಿಗೆ ಯಂತ್ರದ ಟಿಕ್‌ಟಿಕ್, ನಿಂತಲ್ಲೂ ಕೇಳುತ್ತದೆ. ನನ್ನದು ಏರಿನಲ್ಲಿ, ಆಕ್ಸಲರೇಟರ್ ಒತ್ತಿದಾಗ ಮಾತ್ರ ಬರುತ್ತಿತ್ತು. ಕಾಲು ಸಡಿಲಿಸಿದರೆ ಮಾಯ.

ಇದಕ್ಕೆ ನಾಕಿಂಗ್ ಎನ್ನುತ್ತಾರೆ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಬೆಂಕಿ ಸಿಲಿಂಡರಿನೊಳಗೆ ಒಂದು ಕಡೆಯಿಂದ ಹರಡುತ್ತಾ ಹೋಗಬೇಕು. ಒಳಗೆ ಶಾಖ ಮಿತಿಮೀರಿದ್ದರೆ, ಮೂಲೆಯಲ್ಲಿ ಉಳಿದ ಪೆಟ್ರೋಲ್ ಆವಿ ಆ ಬೆಂಕಿ ತಲುಪುವ ಮೊದಲೇ ತಾನಾಗಿ ಸಿಡಿಯುತ್ತದೆ. ಕಡಿಮೆ ಆಕ್ಟೇನಿನ (ಬೇಗ ತಾನಾಗಿ ಹೊತ್ತಿಕೊಳ್ಳುವ) ಪೆಟ್ರೋಲ್, ಮುಂದೆ ಹೋದ ಟೈಮಿಂಗ್ (ಹೊತ್ತಿಗೆ ಮೊದಲೇ ಹಾರುವ ಕಿಡಿ), ಪಿಸ್ಟನ್ ತಲೆಗೆ ಕಟ್ಟಿದ ಮಸಿ, ಇವೂ ಕಾರಣಗಳೇ. ಆದರೆ ಮುಳ್ಳು ಏರಿದ್ದಾಗ ಮೊದಲು ಅನುಮಾನಿಸಬೇಕಾದದ್ದು ಶಾಖವನ್ನು. ಈಚಿನ ಕಾರುಗಳಲ್ಲಿ ಸೆನ್ಸರ್ ಇದನ್ನು ಗ್ರಹಿಸಿ ಕಿಡಿಯನ್ನು ತಡಮಾಡಿಸುತ್ತದೆ. ಆಗ ಸದ್ದು ಕೇಳದಿರಬಹುದು, ಎಳೆತ ಮಾತ್ರ ಕುಂದುತ್ತದೆ.

ಎಂಜಿನ್ ಆರಿಸಿ ಬಾನೆಟ್ ಎತ್ತಿದೆ. ರೇಡಿಯೇಟರಿನ ಮುಚ್ಚಳದ ತಂಟೆಗೆ ಹೋಗಲಿಲ್ಲ. ಸೀಟಿ ಹೊಡೆಯುತ್ತಿರುವ ಕುಕ್ಕರನ್ನು ಯಾರಾದರೂ ತೆರೆಯುತ್ತಾರೆಯೇ? ಅಂಗೈ ಹಿಂಭಾಗವನ್ನು ರೇಡಿಯೇಟರಿಗೆ ಮೆಲ್ಲಗೆ ತಾಗಿಸಿದೆ. ಎಂಜಿನ್ ಕೆಂಡದಂತಿದೆ, ರೇಡಿಯೇಟರ್ ಉಗುರುಬೆಚ್ಚಗಿದೆ! ಬಿಸಿನೀರು ಅಲ್ಲಿಗೆ ಬರುತ್ತಲೇ ಇಲ್ಲ. ನಡುವೆ ಬಾಗಿಲು ಕಾಯುವುದು ಥರ್ಮೋಸ್ಟಾಟ್.

ಕಾರನ್ನು ಎಳೆಸಿಕೊಂಡು ಮನೆಗೆ ತಂದು ಅದನ್ನು ಬಿಚ್ಚಿದೆ. ಮೈಮೇಲೆ 82 ಎಂದು ಅಚ್ಚಾಗಿತ್ತು, ಅಂದರೆ 82 ಡಿಗ್ರಿಗೆ ತೆರೆಯತೊಡಗಬೇಕು. ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಒಲೆ ಹಚ್ಚಿದೆ. ನೀರು ಕೊತಕೊತ ಕುದಿಯಿತು. ಆಸಾಮಿ ಬಾಯಿಯೇ ಬಿಡಲಿಲ್ಲ.

ಇಂಥದ್ದನ್ನು ಕಿತ್ತೆಸೆದು ಹಾಗೆಯೇ ಓಡಿಸಿ ಎನ್ನುವವರು ನಮ್ಮಲ್ಲಿ ಬಹಳ. ನನಗದು ಒಗ್ಗದ ಸಲಹೆ. ಎಂಜಿನ್ ಸದಾ ತಣ್ಣಗಿದ್ದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಇನ್ನೊಂದು ಮಾತು: ಆಯಿಲ್ ಮುಚ್ಚಳದಡಿ ಹಾಲುಗಾಫಿ ಬಣ್ಣದ ನೊರೆ, ಹೊಗೆಕೊಳವೆಯಲ್ಲಿ ನಿಲ್ಲದ ಬಿಳಿ ಹೊಗೆ ಎರಡೂ ಕಂಡರೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಿಯೇ ಮುಂದುವರಿಯಬೇಕು. ನನ್ನ ಪುಣ್ಯ, ಅವು ಕಾಣಲಿಲ್ಲ.

ಹೊಸ ಥರ್ಮೋಸ್ಟಾಟ್, ಹೊಸ ಕೂಲೆಂಟ್ ಹಾಕಿ ಮುಂದಿನ ವಾರ ಅದೇ ಘಾಟಿ ಹತ್ತಿದೆ. ಮುಳ್ಳು ನಡುವಿನಿಂದ ಕದಲಲಿಲ್ಲ. ಕಟಕಟ ಒಂದೇ ಒಂದು ತಿರುವಿನಲ್ಲಿ ಕೇಳಿತು. ಅಲ್ಲಿ ಗೇರು ಇಳಿಸಲು ನಾನೇ ಮರೆತಿದ್ದೆ.

ನಮಸ್ಕಾರ.