ಮೊದಲ ಗಿಟಾರ್ ಹಾಡು: ಕಾರ್ಡ್ ಎಣಿಸಬೇಡಿ, ಬದಲಾವಣೆ ಎಣಿಸಿ

[ಮಾಡಿನ ಮೇಲೆ ಮಳೆ ಸುರಿಯುವ ಸದ್ದು. ನಡುವೆ ಗಿಟಾರಿನಿಂದ ಒಂದು ಸತ್ತ ಸ್ವರ.]

ಈ "ಟಪ್" ಸದ್ದು ಗೊತ್ತಲ್ಲ? ಎಫ್ ಕಾರ್ಡ್. ಕಾರ್ಡ್ ಅಂದರೆ ಕೆಲವು ಸ್ವರ ಒಟ್ಟಿಗೆ ನುಡಿಯುವ ಹಾಗೆ ತಂತಿಗಳನ್ನು ಒತ್ತಿ ಹಿಡಿಯೂದು. ಎಫ್‌ನಲ್ಲಿ ಒಂದೇ ಬೆರಳು ಹಲವು ತಂತಿ ಒತ್ತಬೇಕು. ನಮ್ಮ ಮನೆ ಮಾಳಿಗೆಯಲ್ಲಿ ಶಿರಸಿ ಕಡೆಯ ಒಬ್ಬ ಹುಡುಗ ಬಾಡಿಗೆಗಿದ್ದಾನೆ, ಇಲ್ಲೇ ಕಾರವಾರದಲ್ಲಿ ಕಾಲೇಜು. ಜೂನ್ ತಿಂಗಳಲ್ಲಿ ಹೊಸ ಗಿಟಾರ್ ತಂದ. ಒಂದು ವಾರ ರಾತ್ರಿ ಇಡೀ ಇದೇ "ಟಪ್". ಎಂಟನೇ ದಿನ ಸದ್ದಿಲ್ಲ. ಹೋಗಿ ನೋಡಿದರೆ ಗಿಟಾರು ಕಪಾಟಿನ ಮೇಲೆ ಕೂತಿದೆ. "ಅಣ್ಣಾ, ಇದು ನನ್ನ ಕೈಲಿ ಆಗೂದಲ್ಲ" ಅಂದ.

ಯಾವ ಹಾಡು ಹಿಡಿದಿದ್ದೆ ಅಂತ ಕೇಳಿದೆ. ಒಂದು ಸಿನಿಮಾ ಹಾಡು. ಹೆಸರು ಹೇಳೂದಿಲ್ಲ, ಹಾಡಿನ ತಪ್ಪೇನಿಲ್ಲ. ಎಲ್ಲೋ "ಬರೀ ನಾಲ್ಕು ಕಾರ್ಡಿನ ಸುಲಭ ಹಾಡು" ಅಂತ ನೋಡಿ ಶುರು ಮಾಡಿದ್ದ. ನಾಲ್ಕೇ ಕಾರ್ಡ್, ಸುಳ್ಳಲ್ಲ. ಆದರೆ ಎರಡು ಬೀಟಿಗೊಮ್ಮೆ ಕಾರ್ಡ್ ಬದಲಾಗ್ತದೆ, ಲಯ ನಿಮಿಷಕ್ಕೆ 100 ಬೀಟ್. ಲೆಕ್ಕ ಹಾಕಿ, ನಿಮಿಷಕ್ಕೆ 50 ಸಲ ಕೈ ಬದಲಿಸಬೇಕು. ಅದರಲ್ಲಿ ಒಂದು ಎಫ್ ಬೇರೆ. ವರ್ಷಗಟ್ಟಲೆ ನುಡಿಸಿದವರೂ ಬೆಳಿಗ್ಗೆ ಎದ್ದು ಅದನ್ನು ನುಡಿಸಬೇಕಾದರೆ ಒಂದು ಚಾ ಕುಡಿದೇ ಕೂರ್ತಾರೆ.

ಹಾಗಾಗಿ ಹಾಡು ಆರಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಮೊಬೈಲಿನಲ್ಲಿ 60 ಸೆಕೆಂಡ್ ಟೈಮರ್ ಇಡಿ. ಎರಡೇ ಕಾರ್ಡ್ ತಗೊಳ್ಳಿ, ಸಿ ಮತ್ತು ಎ ಮೈನರ್. ಅದರಿಂದ ಇದಕ್ಕೆ, ಇದರಿಂದ ಅದಕ್ಕೆ. ಎಲ್ಲ ತಂತಿಯೂ ಸರಿಯಾಗಿ ನುಡಿದರೆ ಮಾತ್ರ ಒಂದು ಲೆಕ್ಕ. ಮೊದಲ ವಾರ ಹದಿನೈದು ಬಂದರೆ ಬೇಕಾದಷ್ಟಾಯ್ತು. ನಮ್ಮ ಹುಡುಗನದ್ದು ಹನ್ನೆರಡು. ಈ ಸಂಖ್ಯೆಯನ್ನು ಬರೆದಿಡಿ.

ಈಗ ನಿಮಗೆ ಇಷ್ಟವಾದ ಹಾಡು ಹಚ್ಚಿ, ಕಾಗದ ಪೆನ್ನು ಹಿಡಿದು ಕೂತ್ಕೊಳ್ಳಿ. ಹಿನ್ನೆಲೆಯ ದಪ್ಪ ಸ್ವರ, ಅಂದರೆ ಕಾರ್ಡ್, ಬದಲಾಯ್ತು ಅನಿಸಿದಾಗಲೆಲ್ಲ ಒಂದು ಗೀಟು ಎಳೆಯಿರಿ. ಒಂದು ನಿಮಿಷದ ಗೀಟು ಎಣಿಸಿ. ಅದು ನಿಮ್ಮ ಸಂಖ್ಯೆಗಿಂತ ಹೆಚ್ಚಿದ್ದರೆ ಆ ಹಾಡು ದೀಪಾವಳಿಗೆ ಇರಲಿ. ಕಾರ್ಡ್ ಎರಡಿರಲಿ, ಐದಿರಲಿ, ಅದು ಆಮೇಲಿನ ಮಾತು.

[ಕ್ಯಾಮೆರಾ ಎಡಗೈಯ ಹತ್ತಿರ. ಬೆರಳ ತುದಿ ಕಾಣಬೇಕು.]

ಎಲ್ಲ ಬದಲಾವಣೆಯೂ ಒಂದೇ ತೂಕದ್ದಲ್ಲ. ಇಲ್ಲಿ ನೋಡಿ. ತೀರ ತೆಳು ತಂತಿ ಒಂದನೆಯದು, ತೀರ ದಪ್ಪದ್ದು ಆರನೆಯದು. ಫ್ರೆಟ್ ಅಂದರೆ ಕುತ್ತಿಗೆಯ ಅಡ್ಡಪಟ್ಟಿಗಳ ನಡುವಿನ ಮನೆ. ಇದು ಸಿ. ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್ಟಿನಲ್ಲಿ, ನಡುಬೆರಳು ನಾಲ್ಕನೇ ತಂತಿಯ ಎರಡರಲ್ಲಿ, ಉಂಗುರ ಬೆರಳು ಐದನೇ ತಂತಿಯ ಮೂರರಲ್ಲಿ. ಈಗ ಎ ಮೈನರ್ ಮಾಡ್ತೇನೆ. ಅಲ್ಲಾಡಿದ್ದು ಯಾವುದು? ಉಂಗುರ ಬೆರಳು ಒಂದೇ, ಮೂರನೇ ತಂತಿಯ ಎರಡನೇ ಫ್ರೆಟ್ಟಿಗೆ ಬಂತು. ಉಳಿದ ಎರಡು ಬೆರಳು ಕೂತಲ್ಲೇ ಕೂತಿವೆ. ಹೊಸಬರು ಮಾಡುವ ತಪ್ಪು ಇದೇ. ಮೂರನ್ನೂ ಎತ್ತಿ, ಗಾಳಿಯಲ್ಲಿ ಯೋಚನೆ ಮಾಡಿ, ಮತ್ತೆ ಒಂದೊಂದೇ ಇಡ್ತಾರೆ. ಎತ್ತಬೇಡಿ ಮಾರಾಯ್ರೆ!

ಇನ್ನೊಂದು ಜೋಡಿ, ಜಿ ಮತ್ತು ಡಿ. ಜಿ ಕಾರ್ಡನ್ನು ನಾಲ್ಕು ಬೆರಳಿನಲ್ಲಿ ಹಿಡಿಯಿರಿ. ನಡುಬೆರಳು ಆರನೇ ತಂತಿಯ ಮೂರರಲ್ಲಿ, ತೋರುಬೆರಳು ಐದನೇ ತಂತಿಯ ಎರಡರಲ್ಲಿ, ಉಂಗುರ ಬೆರಳು ಎರಡನೇ ತಂತಿಯ ಮೂರರಲ್ಲಿ, ಕಿರುಬೆರಳು ಮೊದಲ ತಂತಿಯ ಮೂರರಲ್ಲಿ. ಡಿ ಕಾರ್ಡಿನಲ್ಲೂ ಉಂಗುರ ಬೆರಳು ಅದೇ ಜಾಗ. ಅದನ್ನು ಗೂಟದ ಹಾಗೆ ಊರಿ, ಉಳಿದದ್ದನ್ನು ಅದರ ಸುತ್ತ ತಿರುಗಿಸಿ. ಸಿ ಬದಲಿಗೆ ಅದರದೇ ಇನ್ನೊಂದು ರೂಪ ಸಿ ಆ್ಯಡ್ ನೈನ್ ಹಿಡಿದರೆ ಅಲ್ಲೂ ಈ ಗೂಟ ಕೀಳಬೇಕಿಲ್ಲ.

ಇಂಥ ಜೋಡಿಗಳಿರುವ ಹಾಡು ಹುಡುಕಿ. ಎಫ್, ಅದೇ ಜಾತಿಯ ಬಿ ಮೈನರ್ ಕಂಡರೆ ಕೈ ಮುಗಿದು ಮುಂದೆ ಹೋಗಿ.

ಸರಿ, ಹಾಡು ಯಾವುದು ಹೇಳು ಅಂತ ಕೇಳ್ತೀರಿ. ಒಂದನ್ನು ಬಿಚ್ಚಿ ತೋರಿಸ್ತೇನೆ. ಕಾರವಾರದಲ್ಲಿ ಡಿಸೆಂಬರ್ ಕಳೆದವರು ಈ ರಾಗ ಕೇಳಿಯೇ ಇರ್ತಾರೆ, ಸೈಲೆಂಟ್ ನೈಟ್. 1818ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನ ಚರ್ಚಿನಲ್ಲಿ ಮೊದಲ ಸಲ ಹಾಡಿದ್ದು. ಪದ ಬರೆದದ್ದು ಪಾದ್ರಿ ಜೋಸೆಫ್ ಮೋರ್, ರಾಗ ಹಾಕಿದ್ದು ಶಾಲೆಯ ಮಾಸ್ತರರಾಗಿದ್ದ ಫ್ರಾಂಜ್ ಗ್ರೂಬರ್. ಅವತ್ತು ಜೊತೆಗಿದ್ದದ್ದು ಗಿಟಾರ್. ಅಂದರೆ ನಮ್ಮ ವಾದ್ಯಕ್ಕೇ ಹುಟ್ಟಿದ ಹಾಡು.

ತಾಳ ಆರರದ್ದು. ತಬಲಾ ಗೊತ್ತಿದ್ದವರು ದಾದ್ರಾ ನೆನಪು ಮಾಡ್ಕೊಳ್ಳಿ. ಒಂದು ಚರಣಕ್ಕೆ ಆರಾರರ ಹನ್ನೆರಡು ಸುತ್ತು. ನನ್ನ ಜೊತೆ ಎಣಿಸಿ:

[ತೆರೆಯ ಮೇಲೆ ಅಕ್ಷರ ಒಂದೊಂದಾಗಿ ಬರಲಿ.]

ಜಿ, ಜಿ, ಡಿ, ಜಿ.
ಸಿ, ಜಿ, ಸಿ, ಜಿ.
ಡಿ, ಜಿ, ಆಮೇಲೆ ಅರ್ಧ ಜಿ ಅರ್ಧ ಡಿ, ಕೊನೆಗೆ ಜಿ.

ಹನ್ನೊಂದನೇ ಸುತ್ತು ಒಂದನ್ನು ಬಿಟ್ಟರೆ ಎಲ್ಲೂ ನಡುವೆ ಕಾರ್ಡ್ ಬದಲಾಗೂದಿಲ್ಲ. ನಿಮಿಷಕ್ಕೆ 90ರ ಲೆಕ್ಕದಲ್ಲಿ ಎಣಿಸಿದರೆ ಒಂದು ಸುತ್ತಿಗೆ 4 ಸೆಕೆಂಡು, ಇಡೀ ಚರಣಕ್ಕೆ 48. ಅಷ್ಟರಲ್ಲಿ ಬದಲಾವಣೆ ಹತ್ತೇ. ನಿಮಿಷಕ್ಕೆ ಹನ್ನೆರಡು ಬದಲಾವಣೆ ಮಾಡುವ ನಮ್ಮ ಹುಡುಗನಿಗೆ ಹತ್ತಿರ ಹತ್ತಿರ ಸರಿ ಹೊಂದಿತು. ಇನ್ನೂ ನಿಧಾನ ಬೇಕಾದರೆ ನಿಧಾನ ಮಾಡಿ, ಈ ಹಾಡು ಬೇಜಾರು ಮಾಡ್ಕೊಳ್ಳೂದಿಲ್ಲ. ಬಲಗೈಯಲ್ಲಿ ಸದ್ಯಕ್ಕೆ ಕೆಳಮುಖದ ಒಂದೇ ಹೊಡೆತ, ಪ್ರತಿ ಸುತ್ತಿನ ಒಂದಕ್ಕೆ ಮತ್ತು ನಾಲ್ಕಕ್ಕೆ. ಮಾದರಿ, ಮೀಟು, ಆ ಗತ್ತು ಈ ಗತ್ತು ಎಲ್ಲ ಆಮೇಲೆ.

ಹ್ಯಾಪಿ ಬರ್ತ್‌ಡೇ ಸುಲಭ ಅಲ್ವಾ ಅಂತ ಎಲ್ಲರೂ ಕೇಳ್ತಾರೆ. ಕಾರ್ಡ್ ಮೂರೇ, ನಿಜ. ಆದರೆ ಹಾಡು ಶುರುವಾಗೂದು ಒಂದರ ಮೇಲಲ್ಲ. "ಹ್ಯಾಪಿ" ಅನ್ನೂದು ತಾಳದ ಹೊರಗೆ, "ಬರ್ತ್" ಅಂದಾಗ ಒಂದು ಬೀಳಬೇಕು. ಹೊಸಬರು "ಹ್ಯಾ"ಗೇ ಹೊಡೀತಾರೆ, ಅಲ್ಲಿಂದ ಕೇಕ್ ಕತ್ತರಿಸುವ ತನಕ ಕೈ ಒಂದು ಕಡೆ, ಬಾಯಿ ಒಂದು ಕಡೆ. ಮೂರನೇ ಸಾಲಿನ "ಬರ್ತ್" ಬೇರೆ ಪೂರ್ತಿ ಒಂದು ಸಪ್ತಕ ಮೇಲೆ ಹಾರ್ತದೆ. ನೆಂಟರ ಎದುರು ಮರ್ಯಾದೆ ಹೋಗೂದು ಅಲ್ಲೇ.

ಗಂಟಲಿನ ಮಾತು ಬಂತು. ಸೈಲೆಂಟ್ ನೈಟ್ ಕೈಗೆ ಮೆತ್ತಗಿದ್ದರೂ ಗಂಟಲಿಗೆ ಹಾಗಲ್ಲ. ಅತಿ ಕೆಳಗಿನ ಸ್ವರ ಆಧಾರ ಷಡ್ಜ, ಅತಿ ಮೇಲಿನದ್ದು ತಾರ ಸಪ್ತಕದ ಮಧ್ಯಮ. ಇಲ್ಲಿ ಕ್ಯಾಪೋ ಕೆಲಸಕ್ಕೆ ಬರ್ತದೆ, ಅಂದರೆ ಕುತ್ತಿಗೆಯ ಮೇಲೆ ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಕ್ಲಿಪ್ಪು. ಹುಡುಗ ಊರಲ್ಲಿ ಯಕ್ಷಗಾನದ ಪದ ಹೇಳ್ತಿದ್ದವ, "ನನ್ನದು ಕರಿ ನಾಲ್ಕು" ಅಂದ. ಅಂದರೆ ಹಾರ್ಮೋನಿಯಮ್ಮಿನ ನಾಲ್ಕನೇ ಕರಿ ಮನೆ ಅವನ ಶ್ರುತಿ. ನನಗೆ ಅಷ್ಟೇ ಸಾಕು. ಹಾರ್ಮೋನಿಯಮ್ಮಿನ ಬಿಳಿ ಐದು ಅಂದರೆ ನಮ್ಮ ಜಿ. ಜಿ ಕಾರ್ಡಿನ ಆಕಾರವನ್ನೇ ಇಟ್ಟುಕೊಂಡು ಮೊದಲ ಫ್ರೆಟ್ಟಿಗೆ ಕ್ಯಾಪೋ ಹಾಕಿದರೆ ಕರಿ ನಾಲ್ಕು, ಎರಡನೆಯದಕ್ಕೆ ಹಾಕಿದರೆ ಬಿಳಿ ಆರು. ಕೈ ಕಲಿತದ್ದು ಅದೇ, ಶ್ರುತಿ ಮಾತ್ರ ನಿಮ್ಮದು. ಎಫ್ ಶ್ರುತಿಯ ಹಾಡು ಬಂದರೂ ಹೆದರಬೇಕಿಲ್ಲ. ಮೂರನೇ ಫ್ರೆಟ್ಟಿಗೆ ಕ್ಯಾಪೋ ಹಾಕಿ ಡಿ, ಜಿ, ಎ ಹಿಡಿಯಿರಿ. ಹೊರಗೆ ಕೇಳೂದು ಎಫ್, ಬಿ ಫ್ಲ್ಯಾಟ್, ಸಿ.

ಉತ್ಸಾಹದಲ್ಲಿ ಹುಡುಗ ಒಂದು ಯಕ್ಷಗಾನದ ಪದಕ್ಕೂ ಕಾರ್ಡ್ ಹಾಕಲು ಹೋದ. ತ್ರಿವುಡೆ, ಏಳರ ತಾಳ. ಭಾಗವತರು ಒಂದು ಸ್ವರವನ್ನು ಎಳೆದು ಜೀಕಿ ಇನ್ನೊಂದಕ್ಕೆ ಇಳಿಸುವಾಗ ಕೆಳಗೆ ಕಾರ್ಡ್ ಕಲ್ಲಿನ ಹಾಗೆ ಕೂತಿರ್ತದೆ. ಒಂದು ಸಂಜೆ ನಕ್ಕೆವು, ಅಲ್ಲಿಗೆ ಬಿಟ್ಟೆವು. ಗಮಕ ಹೆಚ್ಚಿರುವ ಭಾವಗೀತೆಗೂ ಇದೇ ಮಾತು, ಮೊದಲ ಹಾಡಿಗೆ ಬೇಡ.

[ತಂತಿಯ ಮೇಲೆ ಬೆರಳು ಎಳೆದು, ತುದಿಗೆ ಹತ್ತಿದ ಕಂದು ಬಣ್ಣ ತೋರಿಸಿ.]

ನಡುವೆ ಒಂದು ಕರಾವಳಿ ಸಮಾಚಾರ. ಇದು ತುಕ್ಕು. ವರ್ಷಕ್ಕೆ 3000 ಮಿ.ಮೀ. ಆಚೀಚೆ ಮಳೆ, ಮೇಲಿಂದ ಉಪ್ಪುಗಾಳಿ, ಉಕ್ಕಿನ ತಂತಿ ಎಷ್ಟು ದಿನ ತಡೀತದೆ? ಮರವೂ ತೇವ ಕುಡಿದು ಉಬ್ಬಿ ತಂತಿಯನ್ನು ಮೇಲೆತ್ತುತ್ತದೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ದಪ್ಪ ತಂತಿಯ ಅಡಿಯಲ್ಲಿ ಎರಡೂವರೆ ಮಿ.ಮೀ. ಜಾಗ ಇದ್ದರೆ ಹದ. ನಾಲ್ಕು ದಾಟಿದ್ದರೆ ಯಾವ ಹಾಡೂ ಸುಲಭ ಅಲ್ಲ, ರಿಪೇರಿಯವರಿಗೆ ತೋರಿಸಿ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಒಳಗೆ ಸಿಲಿಕಾ ಜೆಲ್ ಹಾಕಿ ಚೀಲ ಮುಚ್ಚಿ.

ಕನ್ನಡದ್ದೇ ಬೇಕು ಅನ್ನುವವರಿಗೆ ನನ್ನ ಸಲಹೆ ಚುಟುಕ. ನಮ್ಮ ಅಂಕೋಲಾ ಕಡೆಯ ದಿನಕರ ದೇಸಾಯಿಯವರನ್ನು ಚುಟುಕ ಬ್ರಹ್ಮ ಅಂತಲೇ ಕರೆದರು. ನಾಲ್ಕೇ ಸಾಲು, ಎರಡೆರಡಕ್ಕೆ ಪ್ರಾಸ. ಗಿಟಾರಿಗೆ ಇದಕ್ಕಿಂತ ಒಳ್ಳೆ ಅಳತೆ ಇಲ್ಲ. ಸಾಲಿಗೆ ಎಂಟು ಬೀಟ್, ಸಾಲಿಗೊಂದು ಕಾರ್ಡ್: ಜಿ, ಡಿ, ಡಿ, ಜಿ. ರಾಗ ಬಾಯಿಗೆ ಬಂದದ್ದು. ಪದವನ್ನೂ ನೀವೇ ಕಟ್ಟಿ, ತಪ್ಪಿದರೆ ಕೇಳುವವರಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯೂದಿಲ್ಲ, ಮೀನಿನ ದರ ಕೇಳಬೇಡಿ. ಆ ಸಂಕಟದಲ್ಲಿ ನಾನು ಕಟ್ಟಿದ್ದು:

ಬಂಗಡೆ ತರಲೆಂದು ಪೇಟೆಗೆ ಇಳಿದೆ,
ದರವನು ಕೇಳಿ ನಿಂತಲ್ಲೇ ಉಳಿದೆ;
ಚೀಲವೂ ಖಾಲಿ, ಜೇಬೂ ಖಾಲಿ,
ಒಲೆಯ ಮೇಲಿಂದು ಬದನೆಯ ಪಾಳಿ.

ಹುಡುಗನಿಗೆ ಕಲಿಸಿದೆ. ಎರಡು ಸಲ ಹಾಡಿ ನಿಲ್ಲಿಸಿದ. "ಅಣ್ಣಾ, ನಾವು ಬಂಗಡೆ ತಿನ್ನೂದಿಲ್ಲ."

"ಹಾಗಾದರೆ ಬದಲಿಸು."

[ಮಾಳಿಗೆಯಲ್ಲಿ ಚಿತ್ರೀಕರಿಸಿದ ತುಣುಕು. ಮುಖ ಬೇಡ, ಕೈ ಮಾತ್ರ.]

ಕೇಳಿ. "ತೊಂಡೆ ತರಲೆಂದು ಪೇಟೆಗೆ ಇಳಿದೆ..." ಕಣ್ಣು ಕಿಟಕಿ ಕಡೆ ಇದೆ, ಕೊನೆಯ ಸಾಲಿಗೆ ಬದನೆಯ ಬದಲು ಏನು ಹಾಕೂದು ಅಂತ ಹುಡುಕ್ತಾ ಇದ್ದಾನೆ. ಎಡಗೈ ಡಿಯಿಂದ ಜಿಗೆ ಹೋಗಿ ಆಗಲೇ ಕೂತಾಗಿದೆ.