"ಸ್ಪೇರ್" ಅಂತ ಬರೆದ ಎಂಸಿಬಿ ಆನ್ ಯಾಕಿದೆ?

[ದೃಶ್ಯ: ಮೆಟ್ಟಿಲ ಕೆಳಗಿನ ಬೂದು ಬಣ್ಣದ ಡಿಬಿ. ಬಾಗಿಲ ಒಳಮೈಗೆ ಅಂಟಿಸಿದ ಹಳದಿಗಟ್ಟಿದ ಚೀಟಿ.]

ಇದು ಡಿಬಿ, ಅಂದ್ರೆ ಕಟ್ಟಡಕ್ಕೆ ಕರೆಂಟ್ ಹಂಚೋ ಪೆಟ್ಟಿಗೆ. ಒಳಗಿರೋ ಒಂದೊಂದು ಸ್ವಿಚ್ಚೂ ಎಂಸಿಬಿ, ಲೋಡ್ ಜಾಸ್ತಿ ಆದ್ರೆ ತಾನಾಗೇ ಟ್ರಿಪ್ ಆಗಿ ಆಫ್ ಆಗತ್ತೆ. ಯಾವ ಎಂಸಿಬಿ ಎಲ್ಲಿಗೆ ಅಂತ ಹೇಳೋ ಈ ಚೀಟಿ ನೋಡಿ. ಮೊದಲನೇ ಸಾಲು, "ಟೈಪಿಸ್ಟ್ ರೂಮ್". ಆ ರೂಮು ಈಗ ಸರ್ವರ್ ರೂಮು. ಅದರ ಕೆಳಗೆ "ಎಂಡಿ ಎಸಿ". ಎಂಡಿ ಮೂರನೇ ಮಹಡಿಗೆ ಹೋಗಿ ಎಷ್ಟೋ ವರ್ಷ ಆಯ್ತು. ಎಸಿ ಇಲ್ಲೇ ಇದೆ, ಆದ್ರೆ ಅದಕ್ಕೆ ಲೈನ್ ಹೋಗ್ತಿರೋದು ಈ ಎಂಸಿಬಿಯಿಂದ ಅಲ್ಲ. ಕೊನೇದರ ಮೇಲೆ "ಸ್ಪೇರ್" ಅಂತಿದೆ. ಸ್ಪೇರ್ ಅಂದ್ಮೇಲೆ ಆನ್ ಯಾಕಿದೆ?

ಕೆಇಬಿ ಹೋಗಿ ಕೆಪಿಟಿಸಿಎಲ್ ಆಗಿದ್ದು 1999ರಲ್ಲಿ, ಬೆಸ್ಕಾಂ ಬಂದಿದ್ದು 2002ರಲ್ಲಿ. ಇವತ್ತಿಗೂ ಕರೆಂಟ್ ಹೋದ್ರೆ "ಕೆಇಬಿಗೆ ಫೋನ್ ಮಾಡು" ಅಂತೀವಿ. ಬಾಯಿಮಾತಲ್ಲಿ ಹಳೇ ಹೆಸರು ನಡೆಯತ್ತೆ. ಡಿಬಿ ಮೇಲೆ ನಡೆಯಲ್ಲ.

ಈ ಗೊಂದಲ ಹೇಗಾಗತ್ತೆ? ಬಾಡಿಗೆಯವರು ಬದಲಾಗ್ತಾರೆ, ಪಾರ್ಟಿಷನ್ ಏಳತ್ತೆ. ಒಂದು ಎಂಸಿಬಿ ಪದೇ ಪದೇ ಟ್ರಿಪ್ ಆಗ್ತಿದ್ರೆ ಯಾರೋ ಬಂದು ಆ ವೈರನ್ನ ಪಕ್ಕದ ಖಾಲಿ ಎಂಸಿಬಿಗೆ ಹಾಕಿ ಹೋಗ್ತಾರೆ. ಹತ್ತು ನಿಮಿಷದ ಕೆಲಸ. ಚೀಟಿ ತಿದ್ದೋಕೆ ಪೆನ್ ಯಾರ ಜೇಬಲ್ಲೂ ಇರಲ್ಲ. ಚೀಟಿನೇ ಇಲ್ಲದ ಡಿಬಿ ಆದ್ರೆ ಹುಷಾರಾಗಿ ಕೈ ಹಾಕ್ತೀವಿ. ತಪ್ಪು ಚೀಟಿ ಇದ್ರೆ ಧೈರ್ಯವಾಗಿ ಕೈ ಹಾಕ್ತೀವಿ.

[ದೃಶ್ಯ: ಏಣಿ, ಬಿಚ್ಚಿದ ಟ್ಯೂಬ್‌ಲೈಟ್ ಫಿಟ್ಟಿಂಗ್]

ಇದು ನನಗೇ ಆಗಿದ್ದು. ಪೀಣ್ಯದ ಒಂದು ಹಳೇ ಕಟ್ಟಡ. "ಕಾರಿಡಾರ್ ಲೈಟ್" ಅಂತಿದ್ದ ಎಂಸಿಬಿ ಇಳಿಸಿದೆ, ಲೈಟ್ ಆರಿತು. ಟೆಸ್ಟರ್ ಇಟ್ಟೆ. ಕೆಂಪು ವೈರಲ್ಲಿ ಇಲ್ಲ, ಕರಿ ವೈರಲ್ಲೂ ಇಲ್ಲ. ಏಣಿ ಮೇಲೆ ನಿಂತು ಕರಿ ವೈರುಗಳ ಜಾಯಿಂಟ್ ಬಿಚ್ಚಿದೆ ಅಷ್ಟೇ, ಮೊಣಕೈವರೆಗೂ ಹೊಡೀತು. ಕೆಳಗೆ ಬೀಳಲಿಲ್ಲ, ಅದೊಂದು ಪುಣ್ಯ.

ಆಗಿದ್ದಿಷ್ಟು. ಪಕ್ಕದ ರೂಮಿನ ಫ್ಯಾನಿಗೆ ಲೈನ್, ಅಂದ್ರೆ ಕರೆಂಟ್ ತರೋ ವೈರು, ಬೇರೆ ಎಂಸಿಬಿಯಿಂದ ಬಂದಿತ್ತು. ನ್ಯೂಟ್ರಲ್, ಅಂದ್ರೆ ಕರೆಂಟ್ ವಾಪಸ್ ಹೋಗೋ ಕರಿ ವೈರು, ಅದನ್ನ ಮಾತ್ರ ಈ ಕಾರಿಡಾರ್ ಬಾಕ್ಸಿಂದ ಎಳೆದಿದ್ರು. ವೈರ್ ಉಳಿಸಿದ್ರಂತೆ! ಸಿಂಗಲ್ ಪೋಲ್ ಎಂಸಿಬಿ ಕಟ್ ಮಾಡೋದು ಲೈನನ್ನ ಮಾತ್ರ, ನ್ಯೂಟ್ರಲ್ ಹಾಗೇ ಉಳಿಯತ್ತೆ. ಜಾಯಿಂಟ್ ಗಟ್ಟಿಯಾಗಿರೋವರೆಗೂ ಟೆಸ್ಟರ್ ಹತ್ತಲ್ಲ. ಬಿಚ್ಚಿದ ಕ್ಷಣ ಫ್ಯಾನಿನ ಮೂಲಕ ಬಂದ 230 ವೋಲ್ಟ್ ಆ ಕರಿ ವೈರಿನ ತುದೀಲಿ ಕೂತಿರತ್ತೆ. "ಕರಿ ವೈರ್ ಹೊಡೆಯಲ್ಲ" ಅಂತ ನಮಗೆ ಕಲಿಸಿದ್ರಲ್ಲ, ಅದು ಅರ್ಧ ಸತ್ಯ.

ಅವತ್ತಿಂದ ನಾನು ಎಂಸಿಬಿ ಇಳಿಸಿದ ಮೇಲೂ ನ್ಯೂಟ್ರಲ್ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕ್ತೀನಿ, ವೈರ್ ಬಿಚ್ಚದೇ ಸುತ್ತ ಹಿಡಿದು ಅದರಲ್ಲಿ ಹರಿಯೋ ಕರೆಂಟ್ ಅಳೆಯೋ ಮೀಟರ್ ಅದು. ಅರ್ಧ ಆಂಪ್ ತೋರಿಸಿದ್ರೂ ಬೇರೆ ಯಾರದೋ ಕರೆಂಟ್ ಆ ದಾರೀಲಿ ವಾಪಸ್ ಹೋಗ್ತಿದೆ ಅಂತರ್ಥ. ಸೊನ್ನೆ ತೋರಿಸಿದ್ರೂ ಪೂರ್ತಿ ನಂಬಲ್ಲ. ಆ ಫ್ಯಾನು ಆ ಹೊತ್ತಿಗೆ ಆಫ್ ಇರಬಹುದಲ್ಲ? ಹಳೇ ಕಟ್ಟಡದಲ್ಲಿ ಜಾಯಿಂಟ್ ಬಿಚ್ಚೋದಿದ್ರೆ ಡಿಬಿಯ ಮೇನ್ ಇಳಿಸಿಯೇ ಬಿಚ್ಚೋದು.

ಮೇನ್ ಇಳಿಸಿದ್ರೆ ಮುಗೀತಾ? ಇಲ್ಲ. ಒಂದೇ ಸ್ವಿಚ್ ಬೋರ್ಡಲ್ಲಿ ಒಂದು ಸಾಕೆಟ್ ರಾ ಪವರ್, ಅಂದ್ರೆ ಯುಪಿಎಸ್ ಇಲ್ಲದ ನೇರ ಕರೆಂಟು, ಪಕ್ಕದ್ದು ಯುಪಿಎಸ್. ರಾ ಪವರ್ ಡಿಬಿ ಪೂರ್ತಿ ಆಫ್ ಮಾಡಿದ್ರೂ ಪಕ್ಕದ ಸಾಕೆಟ್ ಬ್ಯಾಟರಿ ಮೇಲೆ ಜೀವಂತ. ಸ್ವಲ್ಪ ಹೊತ್ತಿಗೆ ಕೆಳಗಡೆ ಡಿಜಿ, ಅಂದ್ರೆ ಡೀಸೆಲ್ ಜನರೇಟರ್, ತಾನಾಗೇ ಸ್ಟಾರ್ಟ್ ಆದ್ರೂ ಆಯ್ತು. ಅದಕ್ಕೆ ಮುಟ್ಟೋ ಪಾಯಿಂಟಲ್ಲೇ ನೋಡಿ. ಮೊದಲು ಕರೆಂಟ್ ಇರೋ ಜಾಗದಲ್ಲಿ ಮೀಟರ್ ಇಟ್ಟು ಅದು ಸರಿಯಿದ್ಯಾ ಅಂತ ನೋಡಿ, ಆಮೇಲೆ ಇಲ್ಲಿ, ಆಮೇಲೆ ಮತ್ತೆ ಅಲ್ಲಿ.

ಬಣ್ಣದ ಬಗ್ಗೆ ಒಂದೇ ಮಾತು. ನಮ್ಮ ಹಳೇ ವೈರಿಂಗಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸು, ಅಂದ್ರೆ ಕರೆಂಟ್ ತರೋ ಲೈನು. ಹೊರದೇಶದ ಮೆಷಿನ್ ಒಳಗೆ ನೀಲಿ ಅಂದ್ರೆ ಸಾಮಾನ್ಯವಾಗಿ ನ್ಯೂಟ್ರಲ್. ಇವೆರಡೂ ಸೇರೋ ಜಾಗದಲ್ಲಿ ಕಣ್ಣನ್ನ ನಂಬಬೇಡಿ.

[ದೃಶ್ಯ: ಖಾಲಿ ಆಫೀಸ್, ಭಾನುವಾರ. ಇಬ್ಬರ ಕೈಯಲ್ಲೂ ಫೋನ್.]

ಸರಿ ಮಾಡೋದು ಹೇಗೆ? ಒಂದು ಭಾನುವಾರ, ಇಬ್ಬರು ಸಾಕು. ಹಳೇ ಚೀಟಿ ಕೀಳೋ ಮುಂಚೆ ಒಂದು ಫೋಟೊ ತೆಗೀರಿ. ಸರ್ವರ್, ಲಿಫ್ಟ್, ಫೈರ್ ಅಲಾರಂ ನೋಡಿಕೊಳ್ಳೋರಿಗೆ ಮೊದಲೇ ಹೇಳಿ. ಡಿಬಿ ಹತ್ರ ಇರೋರು ಒಂದೊಂದೇ ಎಂಸಿಬಿ ಇಳಿಸ್ತಾರೆ, ಇನ್ನೊಬ್ಬರು ಟೇಬಲ್ ಲ್ಯಾಂಪ್ ಹಿಡ್ಕೊಂಡು ಪ್ರತಿ ಸಾಕೆಟ್ ನೋಡ್ತಾ ಹೋಗ್ತಾರೆ. ಇಷ್ಟು ಕೆಲಸ ಆಫೀಸಿನವರೇ ಮಾಡಬಹುದು. ಡಿಬಿ ಒಳಗಿನ ಕವರ್ ಬಿಚ್ಚೋದಿದ್ರೆ ಮಾತ್ರ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನೇ ಬೇಕು. ಎರಡು ಫೇಸ್ ಮಧ್ಯೆ 415 ವೋಲ್ಟ್ ಇರತ್ತೆ, ಸ್ಕ್ರೂಡ್ರೈವರ್ ಜಾರಿದ್ರೆ ಸಾಕು.

ಹೊಸ ಚೀಟೀಲಿ ಮನುಷ್ಯರ ಹೆಸರು, ಹುದ್ದೆ, ಡಿಪಾರ್ಟ್‌ಮೆಂಟ್ ಬರೀಬೇಡಿ, ಅವೆಲ್ಲ ನಡೆದುಹೋಗ್ತವೆ. ಗೋಡೆ, ಮೂಲೆ ನಡೆಯಲ್ಲ. "2ನೇ ಮಹಡಿ, ಈಶಾನ್ಯ ಮೂಲೆ, ಕಿಟಕಿ ಕಡೆ ಸಾಕೆಟ್ 4". ವಾಸ್ತು ಪುಣ್ಯಕ್ಕೆ ನಮ್ಮ ಆಫೀಸುಗಳಲ್ಲಿ ಈಶಾನ್ಯ ಯಾವುದು ಅಂತ ಎಲ್ಲರಿಗೂ ಗೊತ್ತು! ಅದೇ ನಂಬರನ್ನ ಸಾಕೆಟ್ ಮೇಲೂ ಅಂಟಿಸಿ. ಚೀಟಿಯ ಕೆಳಗೆ ತಾರೀಕು ಇರಲಿ.

ಮೊದಲಿಗೆ ತೋರಿಸಿದ್ನಲ್ಲ, ಆನ್ ಇದ್ದ ಆ "ಸ್ಪೇರ್"? ಭಾನುವಾರ ಅದನ್ನ ಇಳಿಸಿದ್ವಿ. ಇಡೀ ಕಟ್ಟಡ ಸುತ್ತಿದ್ವಿ, ಎಲ್ಲೂ ಏನೂ ಆರಲಿಲ್ಲ. ಹಾಗಂತ ಸ್ಪೇರ್ ಅಂತ ಬರೀಲಿಲ್ಲ. "ಗೊತ್ತಿಲ್ಲ, ಹುಡುಕ್ತಿದ್ದೀವಿ" ಅಂತ ಬರೆದು ಆಫ್ ಇಟ್ವಿ. ಸೋಮವಾರ ಸಂಜೆ ಏಳು ಗಂಟೆಗೆ ವಾಚ್‌ಮನ್ ಫೋನ್ ಮಾಡಿದ್ರು: "ಸಾರ್, ಗೇಟ್ ಮೇಲಿನ ಬೋರ್ಡ್ ಹತ್ತಿಲ್ಲ."

ಟೈಮರ್ ಲೈಟು. ಹಗಲು ಹೊತ್ತಲ್ಲಿ ಹುಡುಕಿದ್ರೆ ಎಲ್ಲಿ ಸಿಗತ್ತೆ?

[ದೃಶ್ಯ: ಹೊಸ ಚೀಟಿ, ಕೊನೇ ಸಾಲು: "ಗೇಟ್ ಬೋರ್ಡ್, ಟೈಮರ್, ಸಂಜೆ ಮೇಲೆ ಮಾತ್ರ"]