ಗೇಟಿಲ್ಲದ ಊರಿನ ರೈಲು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹತ್ತುವವರಿಗೆ ಗೇಟು ಚೆನ್ನಾಗಿ ಗೊತ್ತು. ಕಾರ್ಡು ತಾಗಿಸಿದರೆ ತೆರೆಯುತ್ತದೆ, ಕಾರ್ಡಿನಲ್ಲಿ ದುಡ್ಡಿಲ್ಲದಿದ್ದರೆ ಅಲ್ಲೇ ತಡೆಯುತ್ತದೆ. ಜರ್ಮನಿಯ ಬರ್ಲಿನ್ನಿನಲ್ಲಿ ಈ ಗೇಟೇ ಇಲ್ಲ. ರಸ್ತೆಯಿಂದ ಮೆಟ್ಟಿಲಿಳಿದರೆ ನೇರವಾಗಿ ಪ್ಲಾಟ್‌ಫಾರಂ. ಯಾರೂ ಕೇಳುವುದಿಲ್ಲ, ಯಾವುದೂ ಅಡ್ಡ ಬರುವುದಿಲ್ಲ. ಹಾಗೆಂದು ಇದು ಧರ್ಮದ ಸವಾರಿಯಲ್ಲ. ಟಿಕೆಟ್ ಇದೆಯೇ, ಸರಿಯಾದ ವಲಯದ್ದೇ, ಗಡುವು ಮೀರಿಲ್ಲವೇ ಎಂದು ನೋಡುವ ಗೇಟಿನ ಕೆಲಸವೆಲ್ಲ ಪ್ರಯಾಣಿಕರ ತಲೆಗೇ ಬಿದ್ದಿದೆ, ಅಷ್ಟೇ. ಓದಲು, ದುಡಿಯಲು ಆ ಊರಿಗೆ ಹೋಗುವ ನಮ್ಮವರು ಮೊದಲ ವಾರದಲ್ಲಿ ದಂಡ ಕಟ್ಟುವುದು ಬಹುಪಾಲು ಇದು ತಿಳಿಯದೆ.

ಮೊದಲು ಮುದ್ರೆಯ ವಿಷಯ. ಯಂತ್ರದಿಂದ ಕಾಗದದ ಟಿಕೆಟ್ ಕೈಗೆ ಬಂದಾಗ ಅದಕ್ಕಿನ್ನೂ ಜೀವ ಬಂದಿರುವುದಿಲ್ಲ. ಪ್ಲಾಟ್‌ಫಾರಂ ಮೇಲೆ, ಸಾಮಾನ್ಯವಾಗಿ ಟಿಕೆಟ್ ಯಂತ್ರದ ಹತ್ತಿರ, ಕೆಂಪು ಇಲ್ಲವೇ ಹಳದಿ ಬಣ್ಣದ ಸಣ್ಣ ಪೆಟ್ಟಿಗೆಯೊಂದು ಇರುತ್ತದೆ. ಹೆಸರು ಎಂಟ್‌ವೆರ್ಟರ್. ಅದರ ಸೀಳಿಗೆ ಟಿಕೆಟ್ಟಿನ ತುದಿ ತೂರಿಸಿದರೆ ಟಕ್ ಎಂದು ಸದ್ದಾಗಿ ದಿನಾಂಕ, ಸಮಯ ಅಚ್ಚಾಗುತ್ತವೆ. ಹೊರಗೆಳೆದು ಒಮ್ಮೆ ನೋಡಿ: ಅಂಕಿ ಮೂಡಿದೆಯೇ? ಮೂಡಿರದಿದ್ದರೆ ಪಕ್ಕದ ಪೆಟ್ಟಿಗೆಗೆ ಹೋಗಿ. ಮುದ್ರೆಯಿಲ್ಲದ ಟಿಕೆಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದಂಡ 60 ಯೂರೊ. ತಪಾಸಣೆಯವರು ಹೆಚ್ಚಾಗಿ ಸಾದಾ ಬಟ್ಟೆಯಲ್ಲೇ ಹತ್ತುತ್ತಾರೆ. ಬಾಗಿಲು ಮುಚ್ಚಿದ ಮೇಲಷ್ಟೇ ಅವರು ಯಾರೆಂದು ತಿಳಿಯುವುದು. ಊರಿಗೆ ಹೊಸಬರು, ಭಾಷೆ ಬರುವುದಿಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಟಿಕೆಟ್ ಕೊಳ್ಳುವವರಿಗೆ ಮುದ್ರೆಯ ಗೊಡವೆ ಇಲ್ಲ, ಆದರೆ ರೈಲು ಹತ್ತುವ ಮೊದಲೇ ಕೊಂಡಿರಬೇಕು. ತಪಾಸಣೆಯವರ ಮುಖ ಕಂಡ ಮೇಲೆ ಬೆರಳಾಡಿಸಿದರೆ ಕೊಂಡ ಸಮಯವೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಒಂದು ಸಲದ ಟಿಕೆಟ್ಟಿಗೆ 2 ಗಂಟೆ ಆಯುಸ್ಸು. ಅಷ್ಟರೊಳಗೆ ರೈಲಿನಿಂದ ಬಸ್ಸಿಗೆ, ಬಸ್ಸಿನಿಂದ ಟ್ರಾಮ್‌ಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ನಡುವೆ ಇಳಿದು ಕಾಫಿಯನ್ನೂ ಕುಡಿಯಬಹುದು. ಆದರೆ ಒಂದೇ ದಿಕ್ಕಿಗೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತೆಂದು ಅದೇ ಟಿಕೆಟ್ಟಿನಲ್ಲಿ ವಾಪಸು ಬರುವಂತಿಲ್ಲ. ಹತ್ತಿರದ ಪ್ರಯಾಣಕ್ಕೆ ಅಗ್ಗದ ‘ಕುರ್ಟ್ಸ್‌ಸ್ಟ್ರೆಕೆ’ ಇದೆ: ರೈಲಿನಲ್ಲಿ 3 ನಿಲ್ದಾಣ, ಬಸ್ಸು ಅಥವಾ ಟ್ರಾಮ್‌ನಲ್ಲಿ 6. ಹತ್ತಿದ ನಿಲ್ದಾಣವನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾಲ್ಕನೆಯದರಲ್ಲಿ ಸಿಕ್ಕಿಬಿದ್ದರೆ ಮತ್ತೆ ಅದೇ 60 ಯೂರೊ.

ಇನ್ನು ವಲಯಗಳು. ನಗರದ ನಡುಭಾಗವನ್ನು ಸುತ್ತುವ ಉಂಗುರದಂಥ ಒಂದು ರೈಲುದಾರಿ ಇದೆ. ಅದರೊಳಗೆ ಎ ವಲಯ, ಅಲ್ಲಿಂದ ನಗರದ ಗಡಿಯವರೆಗೆ ಬಿ, ಗಡಿಯಾಚೆಯ ಸುತ್ತಲ ಊರುಗಳು ಸಿ. ಟಿಕೆಟ್ ಮಾರುವುದು ಎಬಿ, ಬಿಸಿ, ಎಬಿಸಿ ಎಂಬ ಜೋಡಿಗಳಲ್ಲಿ. 2025ರಲ್ಲಿ ಎಬಿಗೆ 3 ಯೂರೊ 80 ಸೆಂಟ್, ಎಬಿಸಿಗೆ 4 ಯೂರೊ 70 ಸೆಂಟ್ ಇತ್ತು. ಊರೊಳಗೆ ಓಡಾಡಲು ಎಬಿ ಸಾಕು. ಆದರೆ ವಿಮಾನ ನಿಲ್ದಾಣ ಮತ್ತು ಪಕ್ಕದ ಊರು ಪಾಟ್ಸ್‌ಡಾಮ್ ಸಿ ವಲಯದಲ್ಲಿವೆ ಎಂಬುದು ನೆನಪಿರಲಿ. ಕೈಯಲ್ಲಿ ಎಬಿ ಪಾಸ್ ಇದ್ದವರು ಸಿಗೆ ಹೋಗಲು ಪೂರ್ತಿ ಟಿಕೆಟ್ ಕೊಳ್ಳಬೇಕಿಲ್ಲ. ‘ಅನ್‌ಶ್ಲುಸ್’ ಎಂಬ ಜೋಡಣೆ ಟಿಕೆಟ್ ಸಿಗುತ್ತದೆ. ಅದಕ್ಕೂ ಮುದ್ರೆ ಬೇಕು.

ರೈಲುಗಳಲ್ಲಿ ಎರಡು ಬಗೆ. ಹಸಿರು ವೃತ್ತದೊಳಗೆ ಬಿಳಿ ಎಸ್ ಅಕ್ಷರವಿದ್ದರೆ ಎಸ್‌ಬಾನ್, ನೀಲಿ ಚೌಕದೊಳಗೆ ಬಿಳಿ ಯು ಇದ್ದರೆ ಊಬಾನ್. ಊಬಾನ್ ಎಂದರೆ ನೆಲದಡಿಯದು, ಎಸ್‌ಬಾನ್ ಎಂದರೆ ಮೇಲಿನದು ಎಂದು ಹೇಳಿಕೊಡುವವರಿದ್ದಾರೆ, ನಂಬಬೇಡಿ. ಯು1 ರೈಲು ಬಹುದೂರ ಕಂಬಗಳ ಮೇಲೆ ಓಡುತ್ತದೆ, ಎಸ್1 ನಗರಮಧ್ಯದಲ್ಲಿ ಸುರಂಗ ಹೊಗುತ್ತದೆ. ಎರಡಕ್ಕೂ ಟಿಕೆಟ್ ಒಂದೇ. ಫಲಕದಲ್ಲಿ ನೋಡಬೇಕಾದದ್ದು ರೈಲಿನ ಸಂಖ್ಯೆ ಮತ್ತು ಅದು ಕೊನೆಗೆ ಹೋಗಿ ನಿಲ್ಲುವ ಊರು. ನಿಮ್ಮ ನಿಲ್ದಾಣದ ಹೆಸರು ಫಲಕದಲ್ಲಿ ಇರದೇ ಇರಬಹುದು. ಆ ಸಾಲಿನ ಕೊನೆಯ ನಿಲ್ದಾಣ ಯಾವುದೆಂದು ನಕ್ಷೆಯಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಅಲೆಕ್ಸಾಂಡರ್‌ಪ್ಲಾಟ್ಸ್, ಫ್ರೀಡ್ರಿಕ್‌ಸ್ಟ್ರಾಸೆ, ಹೌಪ್ಟ್‌ಬಾನ್‌ಹೋಫ್ ಎಂಬ ಮುಖ್ಯ ರೈಲು ನಿಲ್ದಾಣ, ಜೂ ಈ ನಾಲ್ಕು ನಿಲ್ದಾಣಗಳ ನಡುವೆ ಓಡಾಡುವಾಗ ಆ ಚಿಂತೆಯೂ ಬೇಡ. ಎಸ್3, ಎಸ್5, ಎಸ್7, ಎಸ್9 ಎಲ್ಲವೂ ಇದೇ ದಾರಿಯವು. ದಿಕ್ಕು ಸರಿಯಿದ್ದರೆ ಮೊದಲು ಬಂದದ್ದನ್ನು ಹತ್ತಿ.

ಕೊನೆಯ ನಿಲ್ದಾಣವೇ ಇಲ್ಲದ ರೈಲೂ ಒಂದಿದೆ. ಅದೇ ಆಗ ಹೇಳಿದ ಉಂಗುರ. 37 ಕಿಲೋಮೀಟರ್, 27 ನಿಲ್ದಾಣ, ಒಂದು ಸುತ್ತಿಗೆ 60 ನಿಮಿಷ. ಎಸ್41 ಪ್ರದಕ್ಷಿಣೆ, ಎಸ್42 ಅಪ್ರದಕ್ಷಿಣೆ. ದೇವಸ್ಥಾನ ಸುತ್ತಿ ಬಲ್ಲವರಿಗೆ ಇದಕ್ಕಿಂತ ಸುಲಭದ ಗುರುತು ಬೇಡ. ತಪ್ಪು ದಿಕ್ಕಿಗೆ ಹತ್ತಿದರೂ ನಿಮ್ಮ ನಿಲ್ದಾಣ ಬಂದೇ ಬರುತ್ತದೆ, ತಡವಾಗಿ. ನಿಜವಾದ ಅಪಾಯ ಬೇರೆ. ಎಸ್42 ಬರುವ ಪ್ಲಾಟ್‌ಫಾರಂಗೇ ಎಸ್46 ಕೂಡ ಬರುತ್ತದೆ. ಉಂಗುರದ ದಕ್ಷಿಣ ಭಾಗದಲ್ಲಿ ಜೊತೆಜೊತೆಗೇ ಓಡಿ, ನಾಯ್‌ಕೆಲ್ನ್ ದಾಟಿದ ಮೇಲೆ ಕಳಚಿಕೊಂಡು ಕ್ಯೋನಿಗ್ಸ್ ವೂಸ್ಟರ್‌ಹೌಜನ್ ಎಂಬ ದೂರದ ಊರಿಗೆ ಹೊರಟುಬಿಡುತ್ತದೆ. ಅದು ಸಿ ವಲಯ. ಎಬಿ ಟಿಕೆಟ್ ಹಿಡಿದು ನಿದ್ದೆ ಮಾಡಿದವರಿಗೆ ದಾರಿಯೂ ತಪ್ಪಿತು, ಟಿಕೆಟ್ಟೂ ತಪ್ಪಿತು. ಪೂರ್ವ ಭಾಗದಲ್ಲಿ ಎಸ್41ರ ಪಕ್ಕ ಇದೇ ಆಟ ಆಡುವುದು ಎಸ್8. 1961ರಲ್ಲಿ ಬರ್ಲಿನ್ ಗೋಡೆ ಎದ್ದಾಗ ತುಂಡಾದ ಈ ಉಂಗುರ ಮತ್ತೆ ಪೂರ್ತಿ ಕೂಡಿದ್ದು 2002ರಲ್ಲಿ.

ವಿಮಾನ ಇಳಿದವರಿಗೆ ಎರಡು ಮಾತು. ರೈಲು ನಿಲ್ದಾಣ ಟರ್ಮಿನಲ್ 1ರ ಕೆಳಗೇ ಇದೆ. ಎಸ್9 ನಿಧಾನ, ಆದರೆ ಊರಿನ ನಡುವೆ ಹಲವು ಕಡೆ ನಿಲ್ಲುತ್ತದೆ. ಹೌಪ್ಟ್‌ಬಾನ್‌ಹೋಫ್‌ಗೆ ಹೋಗುವವರು ಎಫ್‌ಇಎಕ್ಸ್ ಎಂಬ ವೇಗದ ರೈಲು ಹತ್ತುವುದು ಲೇಸು. ಎಕ್ಸ್‌ಪ್ರೆಸ್ ಎಂಬ ಹೆಸರಿದ್ದರೂ ಹೆಚ್ಚಿನ ದರವಿಲ್ಲ. ಅದೇ ಎಬಿಸಿ ಟಿಕೆಟ್ ನಡೆಯುತ್ತದೆ. ಎಸ್‌ಬಾನ್‌ನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವಾಗ ಷೋನೆಫೆಲ್ಡ್ ಎಂಬ ಹೆಸರು ಕೇಳಿ ಎದ್ದು ಇಳಿಯಬೇಡಿ. ಅದು ಹಳೆಯ ವಿಮಾನ ನಿಲ್ದಾಣದ ಜಾಗ. ಅಲ್ಲಿಂದ ಮುಂದೆ ವಾಸ್‌ಮನ್ಸ್‌ಡಾರ್ಫ್, ಅದರ ನಂತರದ್ದು ನಿಮ್ಮದು.

ಊರಾಚೆಗೆ ಹೋಗಲು ಆರ್‌ಇ, ಆರ್‌ಬಿ ಎಂಬ ಪ್ರಾದೇಶಿಕ ರೈಲುಗಳಿವೆ. ಎಸ್‌ಬಾನ್‌ಗೆ ಹಳಿಯ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ವಿದ್ಯುತ್, ಇವಕ್ಕೆ ತಲೆಯ ಮೇಲಿನ ತಂತಿಯಿಂದ 15,000 ವೋಲ್ಟ್. ಹಾಗಾಗಿ ಒಂದೇ ನಿಲ್ದಾಣದಲ್ಲೂ ಇವುಗಳ ಪ್ಲಾಟ್‌ಫಾರಂ ಬೇರೆಬೇರೆ. ಹೌಪ್ಟ್‌ಬಾನ್‌ಹೋಫ್‌ನಲ್ಲಿ ಎಸ್‌ಬಾನ್ ಮೇಲಂತಸ್ತಿನ 15 ಮತ್ತು 16ರಲ್ಲಿ. 1ರಿಂದ 8 ನೆಲದಡಿಯಲ್ಲಿ. ಮೇಲಿನಿಂದ ತಳಕ್ಕಿಳಿಯಲು ಸೂಟ್‌ಕೇಸ್ ಇದ್ದವರು 10 ನಿಮಿಷವಾದರೂ ಇಟ್ಟುಕೊಳ್ಳಬೇಕು. ಪಾಟ್ಸ್‌ಡಾಮ್‌ಗೆ ಎಸ್7 ಕೂಡ ಹೋಗುತ್ತದೆ, ಆರ್‌ಇ1 ಕೂಡ. ಆರ್‌ಇ1ಕ್ಕೆ ಸಮಯ ಕಡಿಮೆ. ಅದೇ ಆರ್‌ಇ1ರ ಪೂರ್ವದ ಫಲಕದಲ್ಲಿ ‘ಫ್ರಾಂಕ್‌ಫರ್ಟ್’ ಎಂದು ಕಂಡರೆ ಬೆಚ್ಚಬೇಡಿ. ಅದು ಓಡರ್ ನದಿಯ ದಡದ, ಪೋಲೆಂಡ್ ಗಡಿಯ ಫ್ರಾಂಕ್‌ಫರ್ಟ್. ದೊಡ್ಡ ವಿಮಾನ ನಿಲ್ದಾಣದ ಊರು ದೇಶದ ಇನ್ನೊಂದು ಮೂಲೆಯಲ್ಲಿದೆ.

ತಿಂಗಳುಗಟ್ಟಲೆ ಇರುವವರಿಗೆ ಡಾಯ್ಚ್‌ಲಾಂಡ್ ಟಿಕೆಟ್ ಒಳ್ಳೆಯದು. 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾಗಿ 2025ರಲ್ಲಿ 58, 2026ರ ಜನವರಿಯಿಂದ 63 ಆಯಿತು. 2025ರ ದರದಲ್ಲಿ ಎಬಿ ಟಿಕೆಟ್ಟಿಗೆ ಹೋಲಿಸಿದರೆ 16ನೇ ಸಲ ಹತ್ತುವಷ್ಟರಲ್ಲಿ ದುಡ್ಡು ಹುಟ್ಟುತ್ತಿತ್ತು. ದೇಶದ ಎಲ್ಲ ಊರುಗಳ ಬಸ್ಸು, ಟ್ರಾಮ್, ಎಸ್‌ಬಾನ್, ಪ್ರಾದೇಶಿಕ ರೈಲುಗಳಲ್ಲಿ ನಡೆಯುತ್ತದೆ. ದೂರದ ಐಸಿಇ, ಐಸಿ ರೈಲುಗಳಲ್ಲಿ ಇಲ್ಲ. ಇದು ತಾನಾಗಿಯೇ ಮುಂದುವರಿಯುವ ಚಂದಾ. ಊರು ಬಿಡುವ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಖಾತೆಯಿಂದ ಹೋಗುತ್ತದೆ.

ಜರ್ಮನ್ ರೈಲು ಗಡಿಯಾರದಂತೆ ಓಡುತ್ತದೆ ಎಂಬ ಮಾತನ್ನು ಇಲ್ಲಿ ಬದಿಗಿಡಿ. ಎರಡನೇ ಮಹಾಯುದ್ಧದ ನಂತರ ಸೋವಿಯತ್ ಪಡೆ ಯುದ್ಧನಷ್ಟದ ಪರಿಹಾರವೆಂದು ಬಹಳಷ್ಟು ದಾರಿಗಳ ಎರಡನೇ ಹಳಿಯನ್ನು ಕಿತ್ತೊಯ್ದಿತು. ಹೊರವಲಯದ ಹಲವೆಡೆ ಅದನ್ನು ಮತ್ತೆ ಹಾಕಿಲ್ಲ. ಒಂಟಿ ಹಳಿಯಲ್ಲಿ ಎದುರಿನ ರೈಲು ಬರುವ ತನಕ ಕಾಯಬೇಕು, ಒಂದು ತಡವಾದರೆ ಅದರ ಜೋಡಿಯೂ ತಡ. ಅದರ ಮೇಲೆ ರಿಪೇರಿ ಕೆಲಸ, ಅದರಲ್ಲೂ ವಾರಾಂತ್ಯಗಳಲ್ಲಿ. ಫಲಕದಲ್ಲಿ ‘ಫೆಲ್ಟ್ ಔಸ್’ ಎಂದಿದ್ದರೆ ಆ ರೈಲು ರದ್ದು. ‘ಎರ್ಸಾಟ್ಸ್’ ಎಂದು ಶುರುವಾಗುವ ಪದ ಕಂಡರೆ ರೈಲಿನ ಬದಲು ಬಸ್ಸು. ಟಿಕೆಟ್ ಅದೇ ಸಾಕು. ಬಸ್ಸು ನಿಲ್ಲುವುದು ಪಕ್ಕದ ಬೀದಿಯಲ್ಲೂ ಇರಬಹುದು, ಗೋಡೆಯ ಮೇಲಿನ ಬಾಣದ ಗುರುತು ಹಿಡಿದು ನಡೆಯಿರಿ. ‘ಗ್ಲೈಸ್’ ಎಂದರೆ ಹಳಿ. ಧ್ವನಿವರ್ಧಕದಲ್ಲಿ ಆ ಪದದೊಡನೆ ಬೇರೊಂದು ಸಂಖ್ಯೆ ಕೇಳಿಸಿ, ಅಕ್ಕಪಕ್ಕದವರು ಒಮ್ಮೆಗೇ ಮೆಟ್ಟಿಲ ಕಡೆ ಹೊರಟರೆ, ಅರ್ಥವಾಗದಿದ್ದರೂ ಅವರ ಹಿಂದೆ ಹೊರಡುವುದೇ ಸರಿ.

ಇನ್ನೊಂದು ಮಾತು, ರೈಲಿನ ಉದ್ದದ್ದು. ಎಸ್‌ಬಾನ್ ಕೆಲವೊಮ್ಮೆ 8 ಬೋಗಿ, ಕೆಲವೊಮ್ಮೆ 6, ಕೆಲವೊಮ್ಮೆ ನಾಲ್ಕೇ. ಮೋಟು ರೈಲು ಬರುವಾಗ ಪ್ಲಾಟ್‌ಫಾರಂನ ತುದಿಯಲ್ಲಿ ನಿಂತವರು ಓಡಬೇಕಾಗುತ್ತದೆ. ನಿಂತ ರೈಲಿನ ಬಾಗಿಲು ತೆರೆಯದಿದ್ದರೆ ಅದರ ಮೇಲಿನ ಗುಂಡಿ ಒತ್ತಿ.

ಶುಕ್ರವಾರ, ಶನಿವಾರದ ರಾತ್ರಿ ರೈಲುಗಳು ಬೆಳಗಿನ ತನಕ ಓಡುತ್ತವೆ. ಉಳಿದ ದಿನ ನಡುರಾತ್ರಿ ಸುಮಾರು 1 ಗಂಟೆಯಿಂದ 4ರವರೆಗೆ ನಿಲುಗಡೆ. ಆಗ ಎನ್ ಅಕ್ಷರದ ಬಸ್ಸುಗಳು: ಯು8ರ ದಾರಿಗೆ ಎನ್8, ಯು2ರ ದಾರಿಗೆ ಎನ್2. ನಿಲ್ದಾಣದ ಬಾಗಿಲಿಗೆ ಕಬ್ಬಿಣದ ಜಾಲರಿ ಇಳಿಸಿದ್ದರೆ ಮೇಲೆ ರಸ್ತೆಯಲ್ಲೇ ಕಾಯಿರಿ, ಬಸ್ಸು ಅಲ್ಲಿಗೇ ಬರುತ್ತದೆ. ನಮಸ್ಕಾರ.